ಅಳತೆ ಪುಸ್ತಕದ ಚುಕ್ಕೆ

ಜೂನ್ 14

ಪ್ರೀತಿಯ ಬಾಬಿನ್‌ಗೆ ಅಪ್ಪನ ಆಶೀರ್ವಾದಗಳು.

ರಜೆ ಮುಗಿದು ನಿನ್ನನ್ನು ಮತ್ತೆ ಹಾಸ್ಟೆಲಿನಲ್ಲಿ ಬಿಟ್ಟು ಬಂದು ಇವತ್ತಿಗೆ ಒಂದು ವಾರ. ಜಗಳವಾಡುವವರು ಇಲ್ಲದೆ ಅಂಗಡಿಯ ಹೊಲಿಗೆ ಕೆಲಸವೆಲ್ಲ ಬೇಗ ಬೇಗ ಮುಗಿಯುತ್ತಿದೆ, ಖುಷಿ ಮಾತ್ರ ಇಲ್ಲ. ನೀನು ಕೂರುತ್ತಿದ್ದ ಸ್ಟೂಲಿನ ಮೇಲೆ ಈಗ ಇಸ್ತ್ರಿಪೆಟ್ಟಿಗೆ ಕೂತಿದೆ. ಅದಕ್ಕೂ ನಿನ್ನ ಹಾಗೆ ಬೇಗ ಬಿಸಿಯೇರುತ್ತದೆ, ಆದರೆ ಎದುರು ಮಾತಾಡುವುದಿಲ್ಲ. ನಿಮ್ಮ ಶಾಲೆಯಲ್ಲಿ ಫೋನಿಗೆ ಅವಕಾಶವಿಲ್ಲದ್ದು ಒಂದು ರೀತಿ ಒಳ್ಳೆಯದೇ ಆಯಿತು. ಶಾಲೆ ಬಿಟ್ಟ ಮೇಲೆ ನಾನು ಬಿಲ್ಲು ಬಿಟ್ಟು ಬೇರೇನೂ ಬರೆದವನಲ್ಲ.

ಪಾರ್ಸೆಲಿನಲ್ಲಿ ಆ ಮಷೀನ್ ಇದೆ, ರಜೆಯಲ್ಲಿ ಹಟ ಹಿಡಿದಿದ್ದೆಯಲ್ಲ, ಅದೇ. ಅಂಗೈಯಗಲದ ಡಬ್ಬಿ, ಅದರಿಂದ ನಾಲ್ಕು ವೈರು, ತುದಿಗೆ ಅಂಟಿಕೊಳ್ಳುವ ನಾಲ್ಕು ಪ್ಯಾಡು. ಬೆನ್ನು ಹೊರಕ್ಕೆ ಉಬ್ಬಿದ ಕಡೆ ಪ್ಯಾಡ್ ಅಂಟಿಸಿ ಗುಂಡಿ ತಿರುಗಿಸಿದರೆ ಕರೆಂಟು ಸ್ನಾಯುವನ್ನು ಹಿಡಿದು ಹಿಡಿದು ಬಿಡುತ್ತದೆ. ಹಾಗೆ ಗಟ್ಟಿಯಾದ ಸ್ನಾಯು ಬೆನ್ನುಮೂಳೆಯನ್ನು ತಾನೇ ನೇರಕ್ಕೆ ಎಳೆದುಕೊಳ್ಳುತ್ತದಂತೆ. "ಆರು ತಿಂಗಳು ತಡೀರಿ, ನಿಮ್ಮ ಮಗಳು ಸ್ಕೇಲ್ ಇಟ್ಟ ಹಾಗಿರ್ತಾಳೆ" ಅಂತ ಮಾರುವವನು ಹೇಳಿದ. ಆಸ್ಪತ್ರೆಯ ಡಾಕ್ಟರ್ ಮೇಡಂಗೆ ಒಂದು ಮಾತು ಕೇಳಬೇಕಿತ್ತು. ಬೇಡ ಅಂದುಬಿಟ್ಟರೆ ನಿನಗೆ ಏನು ಹೇಳಲಿ ಅಂತ ಕೇಳಲಿಲ್ಲ.

ಬೆಲ್ಟು ಮಾತ್ರ ಬಿಡಬೇಡ. ದಿನಕ್ಕೆ ಹದಿನೆಂಟು ಗಂಟೆ, ನೀನು ಬೆಳೆಯುವುದು ನಿಲ್ಲುವ ತನಕ, ಅಂದಿದ್ದಾರೆ ಮೇಡಂ. ಈಗ ಇಪ್ಪತ್ತೆಂಟು ಡಿಗ್ರಿ ಇರುವ ಬಾಗು ಹೆಚ್ಚದಂತೆ ತಡೆಯುವುದು ಆ ಪ್ಲಾಸ್ಟಿಕ್ ಚಿಪ್ಪೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನಿನ್ನ ಅಜ್ಜಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಹದಿಮೂರು ವರ್ಷದ ನೀನು ಇನ್ನೂ ಗಿಡವೇ.

ನನ್ನ ಬೆನ್ನು ಚೆನ್ನಾಗಿದೆ, ಕೇಳಬೇಡ.

ಇಂತಿ ನಿನ್ನ
ಅಪ್ಪ


ಜೂನ್ 30

ಅಪ್ಪಾ,

ಪಾರ್ಸೆಲ್ ಸಿಕ್ಕಿತು. ಮಷೀನಿಗೆ ಇರುವೆ ಡಬ್ಬಿ ಅಂತ ಹೆಸರಿಟ್ಟಿದ್ದೇನೆ. ಗುಂಡಿಯನ್ನು ನಾಲ್ಕಕ್ಕೆ ತಿರುಗಿಸಿದರೆ ಬೆನ್ನಿನ ಮೇಲೆ ಇರುವೆ ಸಾಲು ಹರಿದ ಹಾಗೆ, ಎಂಟಕ್ಕೆ ಬಂದರೆ ಕಟ್ಟಿರುವೆ. ಹನ್ನೆರಡರಲ್ಲಿ ಸ್ನಾಯು ತಾನಾಗೇ ಕುಣಿಯುತ್ತದೆ, ನಿಲ್ಲು ಅಂದರೂ ನಿಲ್ಲುವುದಿಲ್ಲ. ಬೆನ್ನಿಗೆ ನನ್ನ ಕೈ ಎಟುಕದ್ದರಿಂದ ರೂಮಿನ ಗುಬ್ಬಿ ಪ್ಯಾಡ್ ಅಂಟಿಸುತ್ತಾಳೆ. ಗುಬ್ಬಿ ಅಂದರೆ ಪಕ್ಕದ ಮಂಚದವಳು, ಊಟದಲ್ಲಿ ಮಾತ್ರ ಆನೆ.

ಬೆಲ್ಟ್ ಹಾಕುತ್ತಿದ್ದೇನೆ. ಒಂದು ಮಾತು ಬರೆಯಬಾರದು ಅಂದುಕೊಂಡಿದ್ದೆ, ಬರೆದೇ ಬಿಡುತ್ತೇನೆ. ಪಿ.ಟಿ. ಪೀರಿಯಡ್‌ನಲ್ಲಿ ಒಬ್ಬಳು ಬಂದು ನನ್ನ ಬೆಲ್ಟಿಗೆ ಗೆಣ್ಣಿನಿಂದ ಟಕಟಕ ಅಂತ ಬಡಿದಳು. ಬಾಗಿಲು ತಟ್ಟುತ್ತಾರಲ್ಲ, ಹಾಗೆ. ಆಮೇಲೆ ಎಲ್ಲರಿಗೂ ಕೇಳಿಸುವ ಹಾಗೆ, "ನಾಯಿ ಬಾಲಕ್ಕೆ ದಬ್ಬೆ ಕಟ್ಟಿದಾರೆ ಕಣ್ರೇ" ಅಂದಳು. ಎಲ್ಲರೂ ನಕ್ಕರು. ಗುಬ್ಬಿ ನಗಲಿಲ್ಲ. ನಾನು ನಕ್ಕೆ, ಅದಕ್ಕೇ ನನ್ನ ಮೇಲೆ ನನಗೆ ಸಿಟ್ಟು.

ಅದಕ್ಕೇ ಈ ಮಷೀನ್ ಬೇಕಿತ್ತು ಅಪ್ಪ.

ನಿನ್ನ ಬೆನ್ನಿನ ವಿಷಯ ಕೇಳಬೇಡ ಅಂದರೆ ಕೇಳಲೇಬೇಕು ಅಂತ ಅರ್ಥ. ರಜೆಯಲ್ಲಿ ಹೊಲಿಗೆ ಮಷೀನಿನ ಮುಂದಿಂದ ಏಳುವಾಗಲೆಲ್ಲ ನೀನು "ಅಮ್ಮಾ" ಅನ್ನುತ್ತಿದ್ದೆ. ಅಜ್ಜಿಯನ್ನು ನೆನೆಸಿಕೊಂಡೆ ಅಂತ ಸುಳ್ಳು ಬೇರೆ.

ನಿನ್ನ
ಬಾಬಿನ್


ಆಗಸ್ಟ್ 3

ಅಪ್ಪಾ,

ಕೆಲಸ ಮಾಡುತ್ತಿದೆ!

ನಮ್ಮ ಮೆಟ್ಟಿಲ ಹತ್ತಿರ ಆಳುದ್ದದ ಕನ್ನಡಿ ಇದೆ. ಯೂನಿಫಾರಂ ಹಾಕಿಕೊಂಡು ನಿಂತರೆ ನನ್ನ ಎರಡು ಭುಜವೂ ಒಂದೇ ಮಟ್ಟದಲ್ಲಿವೆ. ಗುಬ್ಬಿಯೂ ನೋಡಿದಳು. ನೋಟ್‌ಬುಕ್ಕನ್ನು ನನ್ನ ಭುಜಗಳ ಮೇಲೆ ಅಡ್ಡ ಇಟ್ಟು ನೋಡಿದಳು, ಜಾರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತೀಯಲ್ಲ, ಬೆನ್ನಿಗೆ ಬೇಕು ಅಪ್ಪ. ಕನ್ನಡಿ ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಷರ್ಟುಗಳು ಗಿಡ್ಡ ಆಗಿವೆ. ಇನ್ನೆರಡು ಬೇಕು. ನೀನು ಹೇಳಿಕೊಟ್ಟ ಹಾಗೆ ಹಾಸ್ಟೆಲಿನ ಸಿಸ್ಟರ್ ಬೆಲ್ಟ್ ಬಿಚ್ಚಿಸಿ ಅಳತೆ ತೆಗೆದಿದ್ದಾರೆ. ಅವರು ಜ್ವರ ನೋಡುವ ನರ್ಸ್, ಟೇಪು ಹಿಡಿದದ್ದು ಇದೇ ಮೊದಲು. ಎದೆ ಇಪ್ಪತ್ತೊಂಬತ್ತು. ಭುಜದ ತುದಿಯಿಂದ ಸೊಂಟದ ಎಲುಬಿಗೆ ಬಲಗಡೆ ಹದಿನಾರೂ ಮುಕ್ಕಾಲು, ಎಡಗಡೆ ಹದಿನೈದೂ ಮುಕ್ಕಾಲು. ತೋಳು ಇಪ್ಪತ್ತು.

ನಿನ್ನ ನೆಟ್ಟನೆಯ
ಬಾಬಿನ್


ಆಗಸ್ಟ್ 11

ಪ್ರೀತಿಯ ಬಾಬಿನ್,

ಅಳತೆ ಸಿಕ್ಕಿತು. ಷರ್ಟು ಎರಡು ಕಳಿಸಿದ್ದೇನೆ. ಗುಂಡಿ ಗಟ್ಟಿಯಾಗಿ ಹಾಕಿದ್ದೇನೆ, ಆದರೂ ಬಾಯಲ್ಲಿ ಕಚ್ಚುವ ಅಭ್ಯಾಸ ಬಿಡು.

ಇಲ್ಲಿ ವಿಶೇಷವೇನೂ ಇಲ್ಲ. ಕತ್ತರಿಗೆ ಸಾಣೆ ಹಿಡಿಸಿದೆ. ಎದುರಿನ ಇಸ್ತ್ರಿಯವರು ನಿನ್ನನ್ನು ಕೇಳಿದರು.

ಸಿಸ್ಟರ್ ಟೇಪು ಸರಿಯಾಗಿ ಹಿಡಿದಿದ್ದಾರೆಯೇ? ಎಡಗಡೆಯದನ್ನು ಇನ್ನೊಂದು ಸಲ ತೆಗೆಸಿ ಬರೆ. ಬೆಲ್ಟು ಬಿಡಬೇಡ.

ಇಂತಿ
ಅಪ್ಪ


ಆಗಸ್ಟ್ 25

ಅಪ್ಪಾ,

ಇಷ್ಟು ಸಣ್ಣ ಕಾಗದ ಬರೆಯುವುದಾದರೆ ಬಿಲ್ಲಿನ ಹಿಂದೆಯೇ ಬರೆಯಬಹುದಿತ್ತು.

ಸಿಸ್ಟರ್ ಮತ್ತೆ ಅಳತೆ ತೆಗೆದರು. ಅದೇ ಬಂತು, ಹದಿನೈದೂ ಮುಕ್ಕಾಲು. ಅವರ ಟೇಪು ಹಳೆಯದು, ಎಳೆದು ಎಳೆದು ಉದ್ದವಾಗಿರಬೇಕು. ನಿನ್ನ ಷರ್ಟು ಹಾಕಿಕೊಂಡರೆ ನಾನು ಇನ್ನೂ ನೆಟ್ಟಗೆ ಕಾಣುತ್ತೇನೆ. ಕವಾಯತಿಗೆ ನನ್ನನ್ನು ಮುಂದಿನ ಸಾಲಿಗೆ ಹಾಕಿದ್ದಾರೆ. ಮುಂದಿನ ಸಾಲು ಅಪ್ಪ! ಹೋದ ವರ್ಷ ನಾನು ಬಾವುಟದ ಹಗ್ಗ ಹಿಡಿಯುವವಳು.

ಬಯ್ಯುವುದಿಲ್ಲ ಅಂದರೆ ಒಂದು ಮಾತು ಹೇಳುತ್ತೇನೆ. ಬೆಲ್ಟ್ ತೆಗೆದು ಮಂಚದ ಕೆಳಗೆ ಇಟ್ಟಿದ್ದೇನೆ, ಎರಡು ವಾರವಾಯಿತು. ಅದರ ಬದಲು ಇರುವೆ ಡಬ್ಬಿ ದಿನಕ್ಕೆ ಎರಡು ಸಲ. ನೆಟ್ಟಗಾದ ಬೆನ್ನಿಗೆ ಚಿಪ್ಪು ಯಾಕೆ? ನವೆಂಬರಿನಲ್ಲಿ ಆಸ್ಪತ್ರೆಗೆ ಹೋಗುವುದೂ ಬೇಡ ಅಪ್ಪ. ನೀನು ಒಂದು ದಿನ ಅಂಗಡಿ ಮುಚ್ಚುವುದು ಉಳಿಯುತ್ತದೆ.

ನಿನ್ನ
ಬಾಬಿನ್, ಮುಂದಿನ ಸಾಲು, ಎಡದಿಂದ ಮೂರನೆಯವಳು


ಸೆಪ್ಟೆಂಬರ್ 1

ಬಾಬಿನ್,

ಇವತ್ತು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಬರೆಯುತ್ತಿದ್ದೇನೆ. ಮೊದಲು ಹೇಳಬೇಕಾದ್ದು ಮೊದಲು. ಈ ಕಾಗದ ಓದಿ ಮುಗಿಸುವ ಮುಂಚೆ ಬೆಲ್ಟ್ ತೆಗೆದು ಹಾಕಿಕೋ. ಆಮೇಲೆ ನನ್ನನ್ನು ಬಯ್ಯುವೆಯಂತೆ.

ನೀನು ಕನ್ನಡಿಯಲ್ಲಿ ನೋಡಿದ್ದು ನನ್ನ ಹೊಲಿಗೆ. ಷರ್ಟಿನ ಎಡಭುಜದ ಒಳಗೆ ಬೆರಳಿಟ್ಟು ನೋಡು, ದಪ್ಪ ಸಿಗುತ್ತದೆ. ಅಲ್ಲಿ ಮೂರು ಪದರ ಕ್ಯಾನ್ವಾಸ್ ಇದೆ. ಬಲಗಡೆ ಏನೂ ಇಲ್ಲ. ಬೆನ್ನಿಗೆ ನೆರಿಗೆ ಹಾಕಿದ್ದೇನಲ್ಲ, ಅಂದಕ್ಕಲ್ಲ, ಉಬ್ಬಿದ ಬಲ ಹೆಗಲುಮೂಳೆ ಕಾಣಬಾರದು ಅಂತ. ಎಡ ಬಲಕ್ಕೆ ಬೇರೆ ಬೇರೆ ಕಾಗದದ ಅಚ್ಚು ಇಟ್ಟು ಕತ್ತರಿಸುತ್ತೇನೆ. ಜೂನಿನ ಷರ್ಟಿಗೆ ಅರ್ಧ ಇಂಚು ಸರಿಮಾಡಿದ್ದೆ. ಆಗಸ್ಟಿನದಕ್ಕೆ ಒಂದು ಇಂಚು ಬೇಕಾಯಿತು. ಸಿಸ್ಟರ್ ಟೇಪಿನಲ್ಲಿ ತಪ್ಪಿಲ್ಲ. ಮಷೀನ್ ನಿನ್ನನ್ನು ನೆಟ್ಟಗೆ ಮಾಡಿಲ್ಲ ಮಗಳೇ, ಬಾಗು ಹೆಚ್ಚಾಗಿದೆ. ಅಳತೆ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಗೊತ್ತಾಗಿಯೂ ಷರ್ಟು ಹೊಲಿದು ಕಳಿಸಿದೆ.

ಯಾಕೆ ಅಂತ ಕೇಳುತ್ತೀಯ. ನನಗೆ ಕೆಲಸ ಕಲಿಸಿದ ಮಾಸ್ಟರ್ ಮೊದಲ ದಿನ ಕತ್ತರಿ ಕೊಡಲಿಲ್ಲ, ಒಂದು ಮಾತು ಕೊಟ್ಟರು. "ಟೇಪಿಗೆ ಕಣ್ಣಿರ್ಲಿ, ಬಾಯಿ ಬೇಡ." ಗಿರಾಕಿಯ ಮೈಯಲ್ಲಿ ಏನೇ ಊನ ಕಂಡರೂ ಟೈಲರ್ ಬಾಯಿ ಬಿಡಬಾರದು. ಅಳತೆ ಪುಸ್ತಕದಲ್ಲಿ ಆ ಅಂಕಿಯ ಮೇಲೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು, ಕತ್ತರಿಯಲ್ಲಿ ಸರಿಮಾಡಬೇಕು. ಅವರು ಕನ್ನಡಿಯ ಮುಂದೆ ನಿಂತು ನಗಬೇಕು, ಅಷ್ಟೇ. ನಮ್ಮ ಗಿರಾಕಿ ಗುಮಾಸ್ತರೊಬ್ಬರು ಗೂನುಬೆನ್ನಿನಲ್ಲಿ ನಿವೃತ್ತಿಯ ತನಕ ನೆಟ್ಟಗೆ ಆಫೀಸಿಗೆ ಹೋದರು. ಆ ವಿಷಯ ಅವರ ಹೆಂಡತಿಗೆ ಗೊತ್ತು, ನನಗೆ ಗೊತ್ತು. ನನಗೆ ಅದರ ಬಗ್ಗೆ ಹೆಮ್ಮೆಯಿತ್ತು. ನಿನ್ನ ಅಳತೆ ಬಂದಾಗಲೂ ಕೈ ತನ್ನ ಪಾಡಿಗೆ ಕ್ಯಾನ್ವಾಸ್ ಕತ್ತರಿಸಿತು.

ಈ ಪಾರ್ಸೆಲಿನಲ್ಲಿ ಇನ್ನೊಂದು ಷರ್ಟು ಇದೆ. ಎರಡು ಕಡೆಯೂ ಒಂದೇ ಅಚ್ಚು, ಪ್ಯಾಡ್ ಇಲ್ಲ, ನೆರಿಗೆ ಇಲ್ಲ. ಬೆಲ್ಟು ಇಲ್ಲದೆ ಒಂದೇ ಒಂದು ಸಲ ಅದನ್ನು ಹಾಕಿಕೊಂಡು ಆ ಕನ್ನಡಿಯ ಮುಂದೆ ನಿಲ್ಲು. ಗುಬ್ಬಿ ಜೊತೆಗಿರಲಿ.

ನಾನು ತಪ್ಪು ಮಾಡಿದೆ.

ಅಪ್ಪ


ಸೆಪ್ಟೆಂಬರ್ 21

ಬಾಬಿನ್,

ಮೂರು ಭಾನುವಾರ ಕಳೆಯಿತು, ನಿನ್ನ ಕಾಗದವಿಲ್ಲ. ಸಿಸ್ಟರ್‌ಗೆ ಫೋನ್ ಮಾಡಿದ್ದೆ. ಊಟ ಮಾಡುತ್ತಿದ್ದಾಳೆ, ಬೆಲ್ಟು ಹಾಕಿದ್ದಾಳೆ, ಮಾತು ಕಡಿಮೆ ಅಂದರು. ಮೊದಲೆರಡು ಕೇಳಿ ಸಮಾಧಾನವಾಯಿತು.

ಡಾಕ್ಟರ್ ಮೇಡಂ ಹತ್ತಿರ ಹೋಗಿ ಬಂದೆ. ಜೂನಿನಲ್ಲೇ ಹೋಗಬೇಕಿತ್ತು. ಮಷೀನ್ ವಿಷಯ ಹೇಳಿದಾಗ ಬಯ್ಯುತ್ತಾರೆ ಅಂತ ತಲೆ ತಗ್ಗಿಸಿ ಕೂತಿದ್ದೆ, ಬಯ್ಯಲಿಲ್ಲ. ಕರೆಂಟು ಸ್ನಾಯುವನ್ನು ಕುಣಿಸುತ್ತದೆ, ಹಿಡಿದುಕೊಂಡ ಬೆನ್ನಿನ ನೋವನ್ನು ಕೆಲವರಿಗೆ ಸ್ವಲ್ಪ ಹೊತ್ತು ಇಳಿಸುತ್ತದೆ, ಅದು ನಿಜ ಅಂದರು. ಆದರೆ ಬೆಳೆಯುವ ಮಕ್ಕಳ ಮೂಳೆಯ ಬಾಗನ್ನು ಅದು ತಿರುಗಿಸುವುದೂ ಇಲ್ಲ, ತಡೆಯುವುದೂ ಇಲ್ಲವಂತೆ. ಹಿಂದೆ ಎಷ್ಟೋ ಮಕ್ಕಳ ಮೇಲೆ ನೋಡಿ ಕೈಬಿಟ್ಟಿದ್ದಾರಂತೆ. ತಡೆಯುವುದು ಬೆಲ್ಟು, ಅದೂ ಬೆಳೆಯುವ ಕಾಲದಲ್ಲಿ ಮಾತ್ರ.

ಬಯ್ದಾದರೂ ಬರೆ.

ಅಪ್ಪ


ಅಕ್ಟೋಬರ್ 5

ಅಪ್ಪ,

ಆ ಷರ್ಟು ಹಾಕಿಕೊಂಡೆ. ಎಡಭುಜ ಜಾರಿಬಿದ್ದ ಹಾಗಿತ್ತು, ಬಲಗಡೆ ಅಂಚು ಮೇಲೆ ಹೋಗಿತ್ತು, ಬೆನ್ನ ಮೇಲೆ ಬಟ್ಟೆ ಉಬ್ಬಿತ್ತು. ಗುಬ್ಬಿ ನನ್ನ ಕೈ ಹಿಡಿದುಕೊಂಡಳು. ಕವಾಯತಿನ ಮೇಡಂ ಹತ್ತಿರ ಹೋಗಿ ಮುಂದಿನ ಸಾಲು ಬೇಡ ಅಂತ ನಾನೇ ಹೇಳಿ ಬಂದೆ.

ಬೆಲ್ಟಿಲ್ಲದೆ ಇದ್ದದ್ದು ಇಪ್ಪತ್ತಾರು ದಿನ. ಬೆರಳು ಮಡಚಿ ಎಣಿಸಿದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಮಷೀನ್ ಬೇಕು ಅಂದವಳೂ ನಾನೇ. ಆದರೆ ಆಗಸ್ಟ್ ಹನ್ನೊಂದರ ನಿನ್ನ ಕಾಗದ ಮತ್ತೆ ಓದಿದೆ. ಕತ್ತರಿಗೆ ಸಾಣೆ ಹಿಡಿಸಿದೆ ಅಂತ ಬರೆದಿದ್ದೀಯ. ಗುಂಡಿ ಕಚ್ಚಬೇಡ ಅಂತ ಬರೆದಿದ್ದೀಯ. ಒಂದು ಇಂಚು ಅಂತ ಬರೆಯಲಿಲ್ಲ. ಆ ಹುಡುಗಿ ನಾಯಿ ಬಾಲ ಅಂದಾಗಲೂ ನನಗೆ ಇಷ್ಟು ನೋವಾಗಲಿಲ್ಲ. ಅವಳು ನನ್ನ ಮುಖಕ್ಕೇ ಹೇಳಿದಳು. ನೀನು ನನ್ನನ್ನೂ ಗಿರಾಕಿ ಥರ ನೋಡಿದೆ.

ಒಂದು ಪ್ರಶ್ನೆ ಇದೆ. ಇಲ್ಲಿಯ ಶಾಲೆ ಸೇರಿದ ವರ್ಷ, ನನಗೆ ಹನ್ನೆರಡು, ಆರೋಗ್ಯ ತಪಾಸಣೆಯವರು ಎಲ್ಲರನ್ನೂ ಬಗ್ಗಿಸಿ ನಿಲ್ಲಿಸಿ ನೋಡಿದಾಗ ನನ್ನ ಬಾಗು ಸಿಕ್ಕಿತು. ಆವತ್ತು ನಿನಗೆ ಫೋನ್ ಬಂದಾಗ ನೀನು "ಹೌದಾ" ಅಂದೆಯಂತೆ, ಅಷ್ಟೇ. ಗಾಬರಿಯಾಗಲಿಲ್ಲವಂತೆ. ಸಿಸ್ಟರ್ ಈಗ ಹೇಳಿದರು. ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಮೊದಲ ಚುಕ್ಕೆ ಯಾವಾಗ ಇಟ್ಟೆ?

ನಿಜ ಬರೆ. ಸುಳ್ಳು ಬರೆದರೆ ಮುಂದೆ ನಿನ್ನ ಕಾಗದ ಒಡೆಯುವುದಿಲ್ಲ.

ಬಾಬಿನ್


ಅಕ್ಟೋಬರ್ 13

ಬಾಬಿನ್,

ನಿನಗೆ ಹತ್ತೂವರೆ ವರ್ಷವಿದ್ದಾಗ.

ನೀಲಿ ಫ್ರಾಕು, ಬಿಳಿ ಕಾಲರ್. ಟ್ರಯಲ್ ನೋಡಲು ಸ್ಟೂಲಿನ ಮೇಲೆ ನಿಲ್ಲಿಸಿದ್ದೆ. ನೀನು ಮಷೀನಿನ ದಾರ ಸುತ್ತುವ ಬಾಬಿನ್‌ಗಳನ್ನು ಬೆರಳಿಗೆ ಹಾಕಿಕೊಂಡು ಉಂಗುರ ಅಂತ ತೋರಿಸುತ್ತಿದ್ದೆ. ಬಲಗಡೆ ಅಂಚು ಕಾಲು ಇಂಚು ಮೇಲಿತ್ತು. ಹೊಲಿಗೆಯ ತಪ್ಪು ಅಂದುಕೊಂಡೆ. ಬಿಚ್ಚಿ ಮತ್ತೆ ಹೊಲಿದೆ, ಮತ್ತೆ ಮೇಲೆ ಹೋಯಿತು. ಟೇಪು ಎರಡು ಸಲ ಹಿಡಿದೆ. ಆಮೇಲೆ ಬಲಗಡೆ ಅಂಚಿಗೆ ಕಾಲು ಇಂಚು ಬಟ್ಟೆ ಹೆಚ್ಚು ಬಿಟ್ಟು ಹೊಲಿದೆ, ಪುಸ್ತಕದಲ್ಲಿ ಚುಕ್ಕೆ ಇಟ್ಟೆ. ನೀನು ಗಿರಗಿರ ತಿರುಗಿ ತೋರಿಸಿದೆ, ಫ್ರಾಕು ಚೆನ್ನಾಗಿ ಹರಡಿತು.

ಅಲ್ಲಿಂದ ತಪಾಸಣೆಯ ತನಕ ಒಂದೂವರೆ ವರ್ಷ, ಆರು ಜೊತೆ ಬಟ್ಟೆ, ಆರಕ್ಕೂ ಚುಕ್ಕೆ. ಪ್ರತಿ ಸಲವೂ ಬೆಳೆಯುವ ಮಗು, ತಾನೇ ಸರಿಯಾಗುತ್ತದೆ ಅಂದುಕೊಂಡೆ. ನಿನ್ನ ಅಮ್ಮ ಬದುಕಿದ್ದರೆ ತಲೆಗೆ ನೀರು ಹಾಕುವಾಗ ಬೆನ್ನು ನೋಡಿ ಆವತ್ತೇ ಆಸ್ಪತ್ರೆಗೆ ಓಡುತ್ತಿದ್ದಳು. ಹೆಣ್ಣುಮಗುವಿನ ಬೆನ್ನು ನಾನು ನೋಡಲಿಲ್ಲ, ನನ್ನ ಟೇಪು ನೋಡಿತು. ಟೇಪು ನೋಡಿದ್ದನ್ನು ನಾನು ನುಂಗಿದೆ. ಊನ ಅಂತ ಬಾಯಲ್ಲಿ ಹೇಳಿದರೆ ಅದು ನಿಜವಾಗಿಬಿಡುತ್ತದೆ ಅಂತ ಹೆದರಿದ್ದೆ. ಆಗಲೇ ತೋರಿಸಿದ್ದರೆ ಬೆಲ್ಟು ಆಗಲೇ ಬರುತ್ತಿತ್ತು, ಇಪ್ಪತ್ತೆಂಟು ಡಿಗ್ರಿ ಆಗುತ್ತಿರಲಿಲ್ಲವೇನೋ. ನಿನ್ನದು ಇಪ್ಪತ್ತಾರು ದಿನ. ನನ್ನದು ಒಂದೂವರೆ ವರ್ಷ.

ಇದನ್ನು ಯಾರಿಗೂ ಹೇಳಿರಲಿಲ್ಲ. ಕ್ಷಮಿಸು ಅಂತ ಕೇಳುವುದಕ್ಕೂ ಮುಖವಿಲ್ಲ. ನವೆಂಬರ್ ಹದಿನೆಂಟಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬರುತ್ತೇನೆ. ಮಾತಾಡದಿದ್ದರೂ ಪರವಾಗಿಲ್ಲ, ಜೊತೆಗೆ ಬಾ.

ಅಪ್ಪ


ನವೆಂಬರ್ 24

ಅಪ್ಪಾ,

ಆವತ್ತು ಬಸ್ಸಿನಲ್ಲಿ ನಾನು ಮಾತಾಡಲಿಲ್ಲ. ಸಿಟ್ಟು ಇತ್ತು, ಇನ್ನೂ ಸ್ವಲ್ಪ ಇದೆ. ಮೂವತ್ತಮೂರು ಡಿಗ್ರಿ ಅಂತ ಮೇಡಂ ಹೇಳಿದಾಗ ನಿನ್ನ ಮುಖ ನೋಡಿದೆ. ಎಕ್ಸ್‌ರೇ ಹಾಳೆಯನ್ನು ನೀನು ಬಟ್ಟೆ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡುತ್ತಾ ನಿಂತಿದ್ದೆ. ಮೇಡಂ ಆಪರೇಷನ್ ಮಾತು ಈಗ ಬೇಡ, ಬೆಳೆಯಲು ಇನ್ನೂ ಒಂದೂವರೆ ವರ್ಷ ಇದೆ, ಬೆಲ್ಟು ಸರಿಯಾಗಿ ಹಾಕಿದರೆ ಇಲ್ಲೇ ನಿಲ್ಲಿಸಬಹುದು ಅಂದರು. ನಿಲ್ಲಿಸಿಯೇ ತೀರುತ್ತೇವೆ ಅನ್ನಲಿಲ್ಲ, ನಿಲ್ಲಿಸಬಹುದು ಅಂದರು. ನನಗೆ ಅದೇ ಇಷ್ಟವಾಯಿತು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಇನ್ನೊಂದು ನೋಡಿದೆ. ಬಸ್ಸು ಹಳ್ಳಕ್ಕೆ ಬಿದ್ದಾಗಲೆಲ್ಲ ನೀನು ಕಣ್ಣು ಮುಚ್ಚಿ ಸೊಂಟ ಹಿಡಿದುಕೊಳ್ಳುತ್ತಿದ್ದೆ. ಇಳಿಯುವಾಗ ಕಂಬಿ ಬಿಡಲು ಆಗಲಿಲ್ಲ. ನಿನ್ನ ಪುಸ್ತಕದಲ್ಲಿ ನಿನ್ನ ಹೆಸರಿನ ಮುಂದೆ ಚುಕ್ಕೆ ಇಟ್ಟವರು ಯಾರು?

ಇರುವೆ ಡಬ್ಬಿ ವಾಪಸು ಕಳಿಸುತ್ತಿದ್ದೇನೆ. ನಿನಗೆ ಇದನ್ನು ಹಚ್ಚಬಹುದೇ ಅಂತ ನೀನು ಔಷಧಿ ಸಾಲಿನಲ್ಲಿ ನಿಂತಿದ್ದಾಗ ಮೇಡಂಗೆ ಕೇಳಿದೆ. ಮೊದಲು ಬೆನ್ನು ತೋರಿಸಲಿ, ಹೃದಯದ ತೊಂದರೆ ಗಿಂದರೆ ಇಲ್ಲ ಅಂತ ಖಾತ್ರಿಯಾದರೆ ನೋವಿಗೆ ಹಚ್ಚಬಹುದು, ಜೊತೆಗೆ ಗಂಟೆಗೊಮ್ಮೆ ಎದ್ದು ಓಡಾಡಬೇಕು ಅಂದರು. ನಿನ್ನ ಬೆನ್ನಿಗೆ ನಿನ್ನ ಕೈಯೂ ಎಟುಕುವುದಿಲ್ಲ, ಎದುರಿನ ಇಸ್ತ್ರಿಯವರನ್ನು ಕರೆ. ನಾಲ್ಕರಿಂದ ಶುರು ಮಾಡು.

ಷರ್ಟು ಎರಡು ಬೇಕು, ಬೆಲ್ಟಿನ ಮೇಲೆ ಹಾಕಿಕೊಳ್ಳಲು. ಕ್ಯಾನ್ವಾಸ್ ಬೇಡ, ನೆರಿಗೆ ಬೇಡ. ಯಾರಾದರೂ ಬಡಿದರೆ ಟಕಟಕ ಅನ್ನಲಿ, ಯಾರು ಅಂತ ಕೇಳುತ್ತೇನೆ. ಬೆಲ್ಟಿನ ಮೇಲಿನ ಅಳತೆ ಈ ಹಾಳೆಯ ಹಿಂದೆ ಇದೆ. ನಾನು ಎಲ್ಲೆಲ್ಲಿ ಡೊಂಕು ಅಂತ ಅದರ ಕೆಳಗೆ ನಾನೇ ಬರೆದಿದ್ದೇನೆ. ಪುಸ್ತಕದಲ್ಲಿ ಚುಕ್ಕೆ ಇಡಬೇಡ, ಅದನ್ನು ಹಾಗೇ ಬರೆದುಕೋ.

ಮುಂದಿನ ಕಾಗದದಲ್ಲಿ ನಿನ್ನ ಬೆನ್ನಿನ ಸುದ್ದಿ ಮೊದಲ ಸಾಲಿನಲ್ಲಿರಬೇಕು.

ನಿನ್ನ
ಬಾಬಿನ್


ಡಿಸೆಂಬರ್ 9

ಪ್ರೀತಿಯ ಬಾಬಿನ್,

ಸೊಂಟದ ಎಡಗಡೆ, ಟೇಪಿನಲ್ಲಿ ನಾಲ್ಕು ಇಂಚು ಅಗಲ, ಆರು ವರ್ಷದಿಂದ ನೋವು. ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುವಾಗ ಎಲ್ಲಕ್ಕಿಂತ ಜಾಸ್ತಿ. ತೋರಿಸಿದೆ, ಹೃದಯ ಗಟ್ಟಿಯಿದೆಯಂತೆ. ಈಗ ಇಸ್ತ್ರಿಯವರು ಮಧ್ಯಾಹ್ನ ಬಂದು ಪ್ಯಾಡ್ ಅಂಟಿಸುತ್ತಾರೆ. ಬಟ್ಟೆ ಒತ್ತಿದ ಹಾಗೆ ನನ್ನನ್ನೂ ಒತ್ತುತ್ತಾರೆ. ಸಂಜೆಯ ತನಕ ಸ್ವಲ್ಪ ಹಗುರ, ಆಮೇಲೆ ನೋವು ವಾಪಸು ಬರುತ್ತದೆ. ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ.

ಷರ್ಟು ಎರಡೂ ಪಾರ್ಸೆಲಿನಲ್ಲಿವೆ, ನೀನು ಹೇಳಿದ ಹಾಗೇ. ಹೊಲಿಯುವಾಗ ಕೈ ಎರಡು ಸಲ ಕ್ಯಾನ್ವಾಸಿನ ಕಡೆ ಹೋಯಿತು, ತಡೆದೆ.

ಮೊನ್ನೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ಮಗುವಿಗೆ ಒಂಬತ್ತು ಇರಬಹುದು. ನಿನ್ನ ಸ್ಟೂಲಿನ ಮೇಲೆ ನಿಲ್ಲಿಸಿ ಅಳತೆ ತೆಗೆದೆ. ಎಡಕ್ಕೂ ಬಲಕ್ಕೂ ಕಾಲು ಇಂಚು ವ್ಯತ್ಯಾಸ. ಪೆನ್ಸಿಲು ಪುಸ್ತಕದ ಮೇಲೆ ಬಂದು ನಿಂತಿತು. ಅದನ್ನು ಕಿವಿಗೆ ಸಿಕ್ಕಿಸಿದೆ.

"ಅಮ್ಮ, ನಾನು ಟೈಲರ್ ಅಷ್ಟೇ, ಡಾಕ್ಟರ್ ಅಲ್ಲ. ಆದ್ರೆ ಮಗುವಿನ ಒಂದು ಭುಜ ಮೇಲಿದೆ. ಒಂದ್ಸಲ ಬೆನ್ನು ತೋರಿಸಿಬಿಡಿ" ಅಂದೆ.

ಅವರ ಮುಖ ಕೆಂಪಾಯಿತು. ನೀವು ಬಟ್ಟೆ ಹೊಲಿಯಿರಿ ಸಾಕು ಅಂದರು. ಬಟ್ಟೆ ಮಡಚಿ ಚೀಲಕ್ಕೆ ಹಾಕಿಕೊಂಡು, ಮಗುವಿನ ಕೈ ಹಿಡಿದು ಹೊರಟೇ ಹೋದರು. ಮಾಸ್ಟರ್ ಇದ್ದಿದ್ದರೆ ನನ್ನ ಕತ್ತರಿ ಕಿತ್ತುಕೊಳ್ಳುತ್ತಿದ್ದರು. ನಾನು ಬಿಲ್ಲಿನ ಹಿಂದೆ ಮೇಡಂ ಆಸ್ಪತ್ರೆಯ ವಿಳಾಸ ಬರೆದು, ಈ ಸೊಂಟ ಹಿಡಿದುಕೊಂಡು, ಬೀದಿಯ ಕೊನೆಯ ತನಕ ಓಡಿದೆ. ತಾಯಿ ತಿರುಗಿಯೂ ನೋಡಲಿಲ್ಲ. ಚೀಟಿ ತೆಗೆದುಕೊಂಡದ್ದು ಆ ಮಗು. ಮಡಚಿ ಜೇಬಿಗೆ ಹಾಕಿಕೊಂಡಿತು.

ನಿನಗೆ ಹೇಳಬೇಕಿದ್ದ ಮಾತನ್ನು ಇನ್ನೊಬ್ಬರ ಮಗಳಿಗೆ ಹೇಳಿ ಬಂದೆ, ಬಾಬಿನ್.

ಷರ್ಟು ಹಾಕಿ ನೋಡಿ, ಎಲ್ಲಿ ಎಳೆಯುತ್ತದೆ ಅಂತ ಬರೆ.

ಇಂತಿ ನಿನ್ನ
ಅಪ್ಪ